ಬ್ಯಾಕಪ್ ಐತೇನ್ರೀ?

ಕಂಪ್ಯೂಟರ್ ಕೆಲಸ ಅಂದರೆ ಒಂಟಿಯಾಗಿ ಕೂತು ಮಾಡುವ ಬೇಸರದ ಕೆಲಸ, ಅದರಲ್ಲಿ ನಗುವಂಥದ್ದೇನೂ ಇರೋದಿಲ್ಲ ಅಂತ ನಂಬಿ ನಾನು ಈ ಕಸುಬಿಗೆ ಇಳಿದೆ. ಆದರೆ ಹೊನ್ನಾಳಿ ಬಸ್ ಸ್ಟ್ಯಾಂಡಿನಿಂದ ನಾನು ಯಾವ ದಿಕ್ಕಿನ ಬಸ್ ಹತ್ತಿದರೂ, ಇಳಿಯುವ ಊರಿನಲ್ಲಿ ಏನಾದರೊಂದು ನನಗಾಗಿಯೇ ಕಾದು ಕೂತಿರುತ್ತದೆ.

ನಾನು ವೆಬ್‌ಸೈಟ್ ಮಾಡಿಕೊಟ್ಟು, ಅವುಗಳನ್ನು ನೋಡಿಕೊಳ್ಳುವವಳು. ಟೈಲರ್ ಅಂಗಡಿಯ ಮೇಲಿನ ಒಂದು ರೂಮು ನನ್ನ ಆಫೀಸು. ಶಾಲೆ, ಕಾಲೇಜು, ಅಡಿಕೆ ಮಂಡಿ, ಬೀಜದ ಅಂಗಡಿ, ಹೀಗೆ ಸುತ್ತಲಿನ ತಾಲ್ಲೂಕುಗಳ ಗಿರಾಕಿಗಳಿದ್ದಾರೆ. ನಮ್ಮತ್ತೆ ಮಾತ್ರ ಯಾರಾದರೂ ಕೇಳಿದರೆ "ನಮ್ಮ ಸೊಸೆ ನೆಟ್ ಹಾಕ್ಕೊಡ್ತಾಳೆ" ಅಂದುಬಿಡುತ್ತಾರೆ. ಕೇಳಿದವರು ಸೊಳ್ಳೆ ಪರದೆ ಅಂದುಕೊಂಡು ಕಿಟಕಿ ಅಳತೆ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬರುತ್ತಾರೆ.

ಸೈಟು ಮಾಡೋದು ಕಷ್ಟವಲ್ಲ. ಅದರ ಒಂದು ನಕಲು ತೆಗೆದು ಬೇರೆ ಕಡೆ ಜೋಪಾನವಾಗಿ ಇಡಿ ಅಂತ ಜನಕ್ಕೆ ತಿಳಿಸಿ ಹೇಳೋದಿದೆಯಲ್ಲ, ಅದು ಕಷ್ಟ. ಅದನ್ನೇ ನಾವು ಬ್ಯಾಕಪ್ ಅನ್ನೋದು. ಮೊಸರೆಲ್ಲ ಖಾಲಿಯಾಗುವ ಮುಂಚೆ ಹೆಪ್ಪಿಗೆ ಅಂತ ಒಂದು ಬಟ್ಟಲು ತೆಗೆದಿಡುತ್ತೀವಲ್ಲ, ಹಾಗೆ. ಇಷ್ಟೇ ವಿಷಯ. ಇಷ್ಟು ವಿಷಯದಿಂದ ಏನೇನಾಯಿತು ಅನ್ನೋದನ್ನು ಹೇಳುತ್ತೇನೆ.

ಒತ್ತಿದ್ರೆ ತಕ್ಷಣ ಓಪನ್

ಚನ್ನಗಿರಿಯ ಒಂದು ಶಾಲೆ. ಅದರ ಕಾರ್ಯದರ್ಶಿಗಳು ತುಂಬಾ ಎಚ್ಚರಿಕೆಯ ಮನುಷ್ಯ. ಮನೆಗೆ ಬೀಗ ಹಾಕಿ ಜಗ್ಗಿ ನೋಡಿ, ಬೀದಿ ತಿರುವಿನವರೆಗೆ ಹೋಗಿ, ವಾಪಸ್ ಬಂದು ಇನ್ನೊಂದು ಸಲ ಜಗ್ಗುವಂಥವರು. ಇಂಥವರ ಹತ್ತಿರ ನನ್ನ ಕೆಲಸ ಸಲೀಸು ಅಂದುಕೊಂಡು ಮೊದಲ ಭೇಟಿಯಲ್ಲೇ ಕೇಳಿದೆ.

"ಸರ್, ನಿಮ್ಮ ಹತ್ರ ಬ್ಯಾಕಪ್ ಇದೆಯಾ?"

"ಐತಲ್ರೀ ಮೇಡಂ! ಮೂರು ತಾಸು ಬರ್ತೈತೆ."

"ಮೂರು ತಾಸಾ?"

"ಫ್ಯಾನು ಆಫ್ ಮಾಡಿದ್ರೆ ನಾಕು ತಾಸೂ ಬರ್ತೈತೆ. ಹೊಸ ಬ್ಯಾಟ್ರಿ."

ನನ್ನನ್ನು ಕರೆದುಕೊಂಡು ಹೋಗಿ ಮೆಟ್ಟಿಲ ಕೆಳಗಿಟ್ಟಿದ್ದ ಯುಪಿಎಸ್ ತೋರಿಸಿದರು. ಅದಕ್ಕೆ ಡಿಸ್ಟಿಲ್ಡ್ ವಾಟರ್ ಯಾರು ಹಾಕುತ್ತಾರೆ ಅನ್ನೋದನ್ನೂ ಹೇಳಿದರು. ನಾನು ಕೂತು ಬಿಡಿಸಿ ಹೇಳಿದೆ. ಇದು ಕರೆಂಟಿನ ಬ್ಯಾಕಪ್ ಅಲ್ಲ ಸರ್, ಸೈಟಿನದ್ದು. ಸೈಟಿನಲ್ಲಿರೋ ಪ್ರತಿ ಪುಟದ ನಕಲು ನಿಮ್ಮ ಕೈಯಲ್ಲಿರಬೇಕು. ಅದು ಹಾಳಾಗಬಾರದು, ಒದ್ದೆಯಾಗಬಾರದು, ಬೇಕಾದಾಗ ತಕ್ಷಣ ಸಿಗಬೇಕು.

"ಅರ್ಥ ಆಯ್ತು ಬಿಡ್ರಿ. ಇನ್ನು ನಿಮಗೆ ಚಿಂತೆ ಬ್ಯಾಡ" ಅಂದರು.

ಶಾಲೆಗೆ ಮಕ್ಕಳನ್ನು ಸೇರಿಸುವ ಕಾಲ ಬಂತು. ಸೈಟಿಗೆ ಒಂದು ಹೊಸ ಫೋಟೋ ಹಾಕಲು ಹೋದ ಡ್ರಾಯಿಂಗ್ ಮೇಷ್ಟ್ರು, ಏನು ಒತ್ತಿದರೋ, ಹಳೆಯ ಪುಟಗಳನ್ನೆಲ್ಲ ಅಳಿಸಿಬಿಟ್ಟರು. ಸೈಟು ತೆಗೆದರೆ ಬೆಳ್ಳಗೆ, ಸುಣ್ಣ ಹೊಡೆದ ಗೋಡೆಯ ಹಾಗೆ. ನಾನು ಓಡಿ ಹೋದೆ. ಕಾರ್ಯದರ್ಶಿಗಳು ಒಂಚೂರೂ ಗಾಬರಿಯಾಗಿರಲಿಲ್ಲ.

"ಬ್ಯಾಕಪ್ ಇಟ್ಟೀನಿ ಮೇಡಂ" ಅಂತ ಕಪಾಟು ತೆಗೆದರು. ಒಳಗಿಂದ ಒಂದು ದೊಡ್ಡ ಕಟ್ಟು ಬಂತು. ಸೈಟಿನ ಪ್ರತಿ ಪುಟವನ್ನೂ ಬಣ್ಣದಲ್ಲಿ ಪ್ರಿಂಟ್ ತೆಗೆಸಿ, ಲ್ಯಾಮಿನೇಷನ್ ಮಾಡಿಸಿದ್ದರು. "ನೀರಿಗೆ ಹಾಕಿದ್ರೂ ಏನೂ ಆಗಲ್ಲ" ಅಂತ ಹೇಳಿ, ಕುಡಿಯುವ ನೀರನ್ನು ಒಂದರ ಮೇಲೆ ಚೆಲ್ಲಿಯೂ ತೋರಿಸಿದರು.

"ಸರ್, ಇದನ್ನ ಸೈಟಿಗೆ ವಾಪಸ್ ಹೆಂಗೆ ಹಾಕೋದು?"

"ಅದು ನಿಮ್ಮ ಕೆಲಸ ಅಲ್ವೇನ್ರೀ?"

ನಾನು ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ, ಮಗಳನ್ನು ಶಾಲೆಗೆ ಸೇರಿಸಲು ಒಬ್ಬ ತಂದೆ ಬಂದರು. "ಸೈಟ್ನಾಗೆ ಏನೂ ಬರ್ತಿಲ್ಲ ಸರ್, ಅರ್ಜಿ ಎಲ್ಲಿ ಸಿಗ್ತೈತೆ?" ಅಂದರು. ಕಾರ್ಯದರ್ಶಿಗಳು ಕಟ್ಟಿನಿಂದ ಒಂದು ಹಾಳೆ ಎಳೆದು ಅವರ ಮುಂದಿಟ್ಟರು. ಅದರಲ್ಲಿ ದೊಡ್ಡದಾಗಿ 'ಅರ್ಜಿಗಾಗಿ ಇಲ್ಲಿ ಒತ್ತಿ' ಅಂತಿತ್ತು.

"ಒತ್ರಿ" ಅಂದರು.

ಆ ಮನುಷ್ಯ ಒಂದು ಸಲ ನನ್ನ ಮುಖ, ಒಂದು ಸಲ ಅವರ ಮುಖ ನೋಡಿ, ಹೆಬ್ಬೆಟ್ಟಿನಿಂದ ಲ್ಯಾಮಿನೇಷನ್ ಮೇಲೆ ಒತ್ತಿದರು. ಕಾರ್ಯದರ್ಶಿಗಳು ಅದೇ ಕ್ಷಣಕ್ಕೆ ಟೇಬಲ್ಲಿನ ಡ್ರಾಯರ್ ಎಳೆದು ಅರ್ಜಿ ತೆಗೆದು ಕೈಗೆ ಕೊಟ್ಟರು. ಆಮೇಲೆ ನನ್ನ ಕಡೆ ತಿರುಗಿ ಹೇಳಿದರು:

"ನೋಡಿದ್ರಾ ಮೇಡಂ? ನಿಮ್ಮ ಸೈಟಿಗಿಂತ ಬೇಗ ಓಪನ್ ಆಯ್ತು."

ಊರ ಹೊರಗೆ

ತ್ಯಾವಣಿಗೆ ಕಡೆಯ ಒಬ್ಬ ಅಡಿಕೆ ವರ್ತಕರಿದ್ದಾರೆ. ಅವರ ಸೈಟಿನಲ್ಲಿ ದಿನದಿನದ ಅಡಿಕೆ ಧಾರಣೆ ಹಾಕುತ್ತಾರೆ. ಹಳೆಯ ವರ್ಷಗಳ ಧಾರಣೆಯೂ ಅಲ್ಲೇ ಇರುವುದರಿಂದ ರೈತರು, ದಲ್ಲಾಳಿಗಳು ಎಲ್ಲರೂ ಅದನ್ನು ನೋಡುತ್ತಿರುತ್ತಾರೆ. ಇಷ್ಟೆಲ್ಲ ಮಾಹಿತಿ ಕಳೆದುಹೋದರೆ ಗತಿಯೇನು ಅಂತ ನಾನು ಅವರಿಗೆ ಒಂದು ಹಾರ್ಡ್ ಡಿಸ್ಕಿಗೆ ಎಲ್ಲವನ್ನೂ ತುಂಬಿಸಿಕೊಟ್ಟೆ. ಕೊಡುವಾಗ ಪಾಠವನ್ನೂ ಹೇಳಿದೆ.

"ಅಂಗಡಿಗೆ ಬೆಂಕಿ ಬೀಳಬಹುದು, ಕಳ್ಳರು ಬರಬಹುದು. ಒಂದು ಪ್ರತಿ ಯಾವತ್ತೂ ಊರ ಹೊರಗೆ ಇರಬೇಕು ಸಾಹುಕಾರ್ರೇ."

"ಆಗ್ಲಿ ತಾಯಿ, ಹೊರಗೆ ಕಳ್ಸೋಣ. ಅಲ್ಲೀತನ ಕಳ್ಳರಿಗೆ ಸಿಗದಂಗೆ ನಾನು ಇಟ್ಕೊಂತೀನಿ" ಅಂದರು.

ಕಳ್ಳರು ಬೀರು ಒಡೆಯುತ್ತಾರೆ, ಹಾಸಿಗೆ ಕೆಳಗೆ ನೋಡುತ್ತಾರೆ, ಆದರೆ ಅಡಿಕೆ ಚೀಲಕ್ಕೆ ಕೈ ಹಾಕಿ ತಡಕಾಡೋದಿಲ್ಲ ಅನ್ನೋದು ಅವರ ಲೆಕ್ಕಾಚಾರ. ಹಾರ್ಡ್ ಡಿಸ್ಕನ್ನು ಒಂದು ಚೀಲದ ನಡುಮಧ್ಯಕ್ಕೆ ತೂರಿಸಿ, ಬಾಯಿ ಹೊಲಿದು, ಗೋದಾಮಿನ ಮೂಲೆಗೆ ನಿಲ್ಲಿಸಿದರು. ಹೆಂಡತಿಗೂ ಹೇಳಲಿಲ್ಲ. ಹಮಾಲರಿಗಂತೂ ಹೇಳಲೇ ಇಲ್ಲ.

ಹಮಾಲರು ಉತ್ತರ ಭಾರತದ ಕಡೆಗೆ ಹೋಗುವ ಲಾರಿಗೆ ಮೂಲೆಯ ಚೀಲವನ್ನೂ ಸೇರಿಸಿ ತುಂಬಿದರು.

ನಾನು ಮಂಡಿಯಲ್ಲಿ ಕೂತು ಸೈಟು ಸರಿ ಮಾಡುತ್ತಿದ್ದ ದಿನವೇ ಆ ಕಡೆಯ ವ್ಯಾಪಾರಿಯಿಂದ ಫೋನು ಬಂತು. ಹಿಂದಿಯಲ್ಲಿ ಒಂದೇ ಕಿರುಚಾಟ. ಚೀಲ ಸುರಿದರೆ ಅಡಿಕೆಯ ಜೊತೆ ಒಂದು ಕಪ್ಪು ಡಬ್ಬಿ ಬಿದ್ದಿದೆಯಂತೆ, ಅದಕ್ಕೆ ಬಾಲದ ಹಾಗೆ ಒಂದು ವೈರೂ ಇದೆಯಂತೆ. ಗೋದಾಮಿನ ಜನರೆಲ್ಲ ಹೊರಗೆ ಓಡಿ ಬಂದು ರಸ್ತೆಯಲ್ಲಿ ನಿಂತಿದ್ದಾರಂತೆ.

ನಮ್ಮ ಸಾಹುಕಾರರ ಹಿಂದಿ ಅಡಿಕೆ ವ್ಯಾಪಾರಕ್ಕೆ ಬೇಕಾದಷ್ಟು ಮಾತ್ರ. ಅಲ್ಲಿ 'ಬಾಂಬ್' ಅನ್ನುವ ಶಬ್ದ ಇರಲಿಲ್ಲ, ಆದರೆ ಫೋನಿನಲ್ಲಿ ಅದೊಂದೇ ಇವರಿಗೆ ಸರಿಯಾಗಿ ಕೇಳಿಸಿತು. ಎದ್ದು ನಿಂತು, ಎಡಗೈಯಲ್ಲಿ ಪಂಚೆ ಎತ್ತಿ ಹಿಡಿದು, ಮಂಡಿಯೆಲ್ಲ ತಿರುಗಿ ನೋಡುವ ಹಾಗೆ ಕೂಗಿದರು:

"ಬಾಂಬ್ ನಹೀ ಸೇಟ್‌ಜೀ! ಬ್ಯಾಕಪ್ ಹೈ, ಬ್ಯಾಕಪ್!"

ನೆಟ್‌ವರ್ಕಿನ ಕೃಪೆಯಿಂದ ಆ ಕಡೆಗೆ 'ಬಾಂಬ್' ಮತ್ತು 'ಹೈ' ಎರಡೇ ತಲುಪಿದವು. ಫೋನು ಕಟ್ಟಾಯಿತು. ಆಮೇಲೆ ಎಷ್ಟು ಸಲ ಮಾಡಿದರೂ ಯಾರೂ ಎತ್ತಲಿಲ್ಲ. ಎತ್ತುವವರು ಇನ್ನೂ ಒಂದು ಬೀದಿ ಆಚೆಗೆ ಓಡಿಹೋಗಿದ್ದರಂತೆ.

ಕೊನೆಗೆ ನಾನೇ ವಿಡಿಯೋ ಕರೆ ಮಾಡಿ, ಅಂಥದ್ದೇ ಇನ್ನೊಂದು ಡಿಸ್ಕನ್ನು ಕಂಪ್ಯೂಟರಿಗೆ ಚುಚ್ಚಿ ತೋರಿಸಿದ ಮೇಲೆ ಅವರು ಒಂದು ಉದ್ದನೆಯ ಕೋಲಿನಿಂದ ಆ ಡಬ್ಬಿಯನ್ನು ತಿವಿದು ನೋಡಿ, ಸಿಡಿಯಲಿಲ್ಲ ಅಂತ ಖಾತ್ರಿ ಮಾಡಿಕೊಂಡರು.

"ಏನ್ ಸಾಹುಕಾರ್ರೇ, ಎಂಥ ಕೆಲಸ ಮಾಡಿಟ್ರಿ" ಅಂದೆ.

ಅವರು ಆಗಲೇ ಸುಧಾರಿಸಿಕೊಂಡು, ಬಾಯಿಗೆ ಎಲೆಯಡಿಕೆ ಹಾಕಿಕೊಂಡಿದ್ದರು.

"ಯಾಕೆ ತಾಯಿ? ಒಂದು ಪ್ರತಿ ಊರ ಹೊರಗೆ ಇರ್ಬೇಕು ಅಂತ ನೀವೇ ಹೇಳಿದ್ರಲ್ಲ. ಈಗ ರಾಜ್ಯದ ಹೊರಗೇ ಐತೆ."

ಸೈಬರ್ ದಾಳಿ

ನ್ಯಾಮತಿಯ ಒಂದು ಕಾಲೇಜಿನವರು ತಮ್ಮದೇ ಸ್ವಂತ ಸರ್ವರ್ ಇಟ್ಟುಕೊಂಡಿದ್ದಾರೆ. ಸರ್ವರ್ ಅಂದರೆ ಹಗಲಿರುಳು ಆಫ್ ಮಾಡದೆ ಓಡಿಸುವ ಒಂದು ದೊಡ್ಡ ಕಂಪ್ಯೂಟರು. ಸೈಟು, ಹಾಜರಾತಿ, ಪರೀಕ್ಷೆ ಅಂಕ ಎಲ್ಲ ಅದರ ಹೊಟ್ಟೆಯಲ್ಲೇ. ಅದನ್ನು ತಂಪಾಗಿಡಲು ಹಾಕಿಸಿದ್ದ ಎಸಿ ಕೆಟ್ಟು ಯಾವ ಕಾಲವಾಗಿತ್ತೋ. ಬಾಗಿಲು ಹಾಕಿದ ಆ ಪುಟ್ಟ ಕೋಣೆ ಮಾಗಿಯ ಚಳಿಯಲ್ಲೂ ಒಲೆಯ ಮುಂದೆ ಕೂತಷ್ಟು ಬೆಚ್ಚಗೆ.

ಪರೀಕ್ಷೆ ಫಲಿತಾಂಶ ಹಾಕಬೇಕಾದ ದಿನ ಬೆಳಗ್ಗೆ ಸರ್ವರ್ ಸತ್ತುಹೋಯಿತು. ನಾನು ಹೋಗುವಷ್ಟರಲ್ಲಿ ಪ್ರಿನ್ಸಿಪಾಲರ ಕೋಣೆಯಲ್ಲಿ ಮೀಟಿಂಗ್ ಸೇರಿತ್ತು. ಪ್ರಿನ್ಸಿಪಾಲರ ಪ್ರಕಾರ ಇದು ಸೈಬರ್ ದಾಳಿ. ಇಂಗ್ಲಿಷ್ ಮೇಷ್ಟ್ರಿಗೆ ಪಕ್ಕದ ತಾಲ್ಲೂಕಿನ ಇನ್ನೊಂದು ಕಾಲೇಜಿನ ಮೇಲೆ ಅನುಮಾನ. ಇತಿಹಾಸದ ಮೇಷ್ಟ್ರು ಮಾತ್ರ ಚೀನಾಕ್ಕಿಂತ ಕೆಳಗೆ ಇಳಿಯಲೇ ಇಲ್ಲ. ಹೊರಗೆ ಕಾರಿಡಾರಿನಲ್ಲಿ ಹುಡುಗ ಹುಡುಗಿಯರು ಫಲಿತಾಂಶಕ್ಕೆ ಕಾದು ನಿಂತು ಗಲಾಟೆ ಮಾಡುತ್ತಿದ್ದರು.

ಅದೃಷ್ಟಕ್ಕೆ ಹಿಂದಿನ ದಿನದ ಬ್ಯಾಕಪ್ ನನ್ನ ಹತ್ತಿರ ಇತ್ತು. ಲ್ಯಾಬಿನ ಇನ್ನೊಂದು ಕಂಪ್ಯೂಟರಿಗೆ ಅದನ್ನು ಇಳಿಸಿ ಸೈಟನ್ನು ಎಬ್ಬಿಸಿದೆ. ಫಲಿತಾಂಶ ಬಂತು, ಹುಡುಗರು ಕೂಗಾಡುತ್ತಾ ಹೋದರು. ಆದರೆ ಪ್ರಿನ್ಸಿಪಾಲರಿಗೆ ಸಮಾಧಾನವಿಲ್ಲ. "ದಾಳಿ ಮಾಡಿದೋರು ಯಾರು ಅಂತ ಗೊತ್ತಾಗ್ಲೇಬೇಕು" ಅಂತ ಹಟ.

ಮಧ್ಯಾಹ್ನ ದಾವಣಗೆರೆಯಿಂದ ರಿಪೇರಿಯವನು ಬಂದ. ಎಲ್ಲರೂ ಸುತ್ತ ನಿಂತೆವು. ಅವನು ಸ್ಕ್ರೂ ಬಿಚ್ಚಿ ಡಬ್ಬಿಯ ಮುಚ್ಚಳ ತೆಗೆದ. ಒಳಗೆ ಫ್ಯಾನಿನ ಮೇಲೆ, ತಂತಿಗಳ ಮೇಲೆ, ಎಲ್ಲೆಲ್ಲೂ ಬೆಳ್ಳಗೆ ಏನೋ ಮೆತ್ತಿಕೊಂಡಿತ್ತು. ಒಂದು ಭಾಗ ಬಿಸಿಗೆ ಬೆಂದು ಉಬ್ಬಿ, ತೂತು ತೂತಾಗಿತ್ತು.

"ಏನಪ್ಪಾ ಅದು, ವೈರಸ್ಸಾ?" ಅಂದರು ಪ್ರಿನ್ಸಿಪಾಲರು.

ರಿಪೇರಿಯವನು ಬೆರಳಿನಲ್ಲಿ ಮುಟ್ಟಿ ನೋಡಿದ. "ಸಾರ್, ಇದು ಚೀನಾದಿಂದ ಬಂದಿದ್ದಲ್ಲ. ಅಡುಗೆಮನೆಯಿಂದ ಬಂದಿರೋದು. ದೋಸೆ ಹಿಟ್ಟು."

ಯಾರೋ ಚಳಿಗೆ ಹಿಟ್ಟು ಹುದುಗು ಬರಲಿಲ್ಲ ಅಂತ ಪಾತ್ರೆ ತಂದು ಸರ್ವರ್ ಮೇಲಿಟ್ಟಿದ್ದಾರೆ. ಹಿಟ್ಟು ಚೆನ್ನಾಗಿಯೇ ಹುದುಗಿ, ಉಕ್ಕಿ, ಕೆಳಗಿನ ಕಿಂಡಿಗಳಿಂದ ಒಳಗೆ ಇಳಿದಿದೆ. ಪಾತ್ರೆಯೇನೋ ಮಾಯ. ಯಾರು ಅಂತ ಕೇಳಿದರೆ ಎಲ್ಲರೂ ಛಾವಣಿ ನೋಡುತ್ತಾ ನಿಂತರು.

ಪ್ರಿನ್ಸಿಪಾಲರು ಸಿಟ್ಟು ಮಾಡಲಿಲ್ಲ. ಮೆಲ್ಲಗೆ ಬಗ್ಗಿ, ಒಂಚೂರು ಹಿಟ್ಟು ಬೆರಳಿಗೆ ತೆಗೆದುಕೊಂಡು, ಮೂಗಿನ ಹತ್ತಿರ ಹಿಡಿದು ಮೂಸಿದರು. ಆಮೇಲೆ ಮುಖ ಕಿವುಚಿ ಹೇಳಿದರು.

"ಛೇ! ಮೆಂತ್ಯ ಭಾಳ ಜಾಸ್ತಿ ಹಾಕಿದಾರೆ. ಅಳತೆನೇ ಗೊತ್ತಿಲ್ಲ."

ಹಿಂದಿನಿಂದ ಆಫೀಸ್ ಸೂಪರಿಂಟೆಂಡೆಂಟ್ ಮೇಡಂ ದನಿ ಸಿಡಿದು ಬಂತು.

"ಏನ್ ಸಾರ್ ಹಂಗಂತೀರಿ? ಒಂದೇ ಚಮಚ ಹಾಕಿದ್ದೆ!"

ಬಿಳಿಚೋಡಿನ ಮೋಡ

ಇದು ಸಣ್ಣದು. ಜಗಳೂರು ತಾಲ್ಲೂಕಿನ ಬಿಳಿಚೋಡಿನಲ್ಲಿ ಬಿತ್ತನೆ ಬೀಜದ ಅಂಗಡಿ ಇಟ್ಟಿರುವ ಒಬ್ಬ ಅಜ್ಜ. ಮೊಮ್ಮಗಳ ಒತ್ತಾಯಕ್ಕೆ ಸೈಟು ಮಾಡಿಸಿದ್ದರು. ಹಾರ್ಡ್ ಡಿಸ್ಕ್, ಪೆನ್ ಡ್ರೈವ್ ಇವೆಲ್ಲ ರಗಳೆ ಬೇಡ ಅಂತ ನಾನೇ ಅವರಿಗೆ ಸುಲಭದ ದಾರಿ ಹೇಳಿದೆ.

"ಅಜ್ಜಾರೆ, ನಿಮ್ಮ ಸೈಟಿನ ನಕಲನ್ನ ಕ್ಲೌಡ್‌ನಲ್ಲಿ ಇಡ್ತೀನಿ."

"ಕ್ಲೌಡ್ ಅಂದ್ರೆ?"

"ಮೋಡ ಅಂತಾರೆ ಅದಕ್ಕೆ."

ಅಜ್ಜ ಅಂಗಡಿಯಿಂದ ಹೊರಗೆ ಬಂದು, ಹಣೆಗೆ ಕೈ ಅಡ್ಡ ಹಿಡಿದು, ಮೇಲೆ ನೋಡಿದರು. ಒಂದು ತುಣುಕು ಬಿಳಿ ಮೋಡ ತನ್ನ ಪಾಡಿಗೆ ತಾನು ಹೋಗುತ್ತಿತ್ತು. ಅದು ಕಣ್ಮರೆಯಾಗುವವರೆಗೆ ನೋಡಿ ಒಳಗೆ ಬಂದರು.

"ಬ್ಯಾಡ ಕಣವ್ವ. ಇಲ್ಲಿ ಮೋಡ ನಂಬ್ಕೊಂಡು ಬೀಜ ಹಾಕಿದ್ದೇ ಸಾಕು. ಸೈಟು ಬೇರೆ ಹಾಕ್ಬೇಕಾ?"

ಎರಡನೇ ನಿವೃತ್ತಿ

ಹೊನ್ನಾಳಿಯಲ್ಲೇ ಒಬ್ಬರು ಸುದ್ದಿಯ ಸೈಟು ನಡೆಸುತ್ತಾರೆ. ಸಂಪಾದಕ, ವರದಿಗಾರ, ಫೋಟೋಗ್ರಾಫರ್ ಎಲ್ಲ ಅವರೊಬ್ಬರೇ. ಸೈಟಿಗೆ ಒಂದು ಸುದ್ದಿ ಹಾಕಿದರೆ ಸಾಕು, ಊರಿನವರ ಮೊಬೈಲಿಗೆಲ್ಲ 'ಟಣ್' ಅಂತ ಸಂದೇಶ ತಾನಾಗೇ ಹೋಗುವ ಹಾಗೆ ನಾನು ಮಾಡಿಕೊಟ್ಟಿದ್ದೆ.

ಒಂದು ಭಾನುವಾರ ಅವರ ಸೈಟು ಕೆಟ್ಟಿತು. ನಾನು ಸಂಜೆ ಬರ್ತೀನಿ, ಅಲ್ಲೀತನಕ ಏನನ್ನೂ ಮುಟ್ಟಬೇಡಿ ಅಂತ ಫೋನಿನಲ್ಲಿ ಹೇಳಿದೆ. ಸಂಪಾದಕರು ಕಾಯುವ ಜಾತಿಯಲ್ಲ. ಹೋದ ತಿಂಗಳ ಬ್ಯಾಕಪ್ಪನ್ನು ತಾವೇ ಹುಡುಕಿ ಗುಂಡಿ ಒತ್ತಿಬಿಟ್ಟರು. ಹಳೆಯ ಸುದ್ದಿಗಳೆಲ್ಲ ಒಂದೊಂದಾಗಿ ಸೈಟಿಗೆ ಬಂದು ಕೂತವು. ಬಂದು ಕೂತಂತೆಲ್ಲ ಊರಿನ ಮೊಬೈಲುಗಳು ಟಣ್ ಟಣ್ ಅಂದವು.

'ನಾಳೆ ಪಟ್ಟಣಕ್ಕೆ ನೀರು ಬರುವುದಿಲ್ಲ' ಅನ್ನುವ ಹಳೆಯ ಸುದ್ದಿ ನೋಡಿ ನಮ್ಮತ್ತೆ ಬಿಂದಿಗೆ, ಬಕೆಟ್, ಕೊನೆಗೆ ಪಲ್ಯದ ಬಾಣಲೆಯನ್ನೂ ಬಿಡದೆ ನೀರು ತುಂಬಿಸಿಟ್ಟರು. ಕಣ್ಣಿನ ಶಿಬಿರಕ್ಕೆ ಅಂತ ಒಂದಷ್ಟು ಜನ ಹೋಗಿ ಮುಚ್ಚಿದ ಬಾಗಿಲು ತಟ್ಟಿ ಬಂದರು. ಇದೆಲ್ಲಕ್ಕಿಂತ ದೊಡ್ಡ ಸುದ್ದಿ, 'ಜನಮೆಚ್ಚಿದ ಮುಖ್ಯೋಪಾಧ್ಯಾಯರು ಇಂದು ನಿವೃತ್ತಿ'. ಆ ಮೇಷ್ಟ್ರು ನಿವೃತ್ತಿಯಾಗಿ ಆಗಲೇ ಒಂದು ತಿಂಗಳಾಗಿತ್ತು.

ಹೋದ ತಿಂಗಳು ಊರಲ್ಲಿ ಇಲ್ಲದ ಹಳೆಯ ವಿದ್ಯಾರ್ಥಿಗಳಿಗೆಲ್ಲ ಇದು ಹೊಸ ಸುದ್ದಿ. ಹಾರ, ಹಣ್ಣಿನ ಬುಟ್ಟಿ ಹಿಡಿದುಕೊಂಡು ಮೇಷ್ಟ್ರ ಮನೆಗೆ ನಡೆದರು. ಒಬ್ಬರು ಹೋಗೋದನ್ನು ನೋಡಿ ಇನ್ನೊಬ್ಬರು, ಅವರನ್ನು ನೋಡಿ ಮತ್ತೊಬ್ಬರು. ನಾನು ಸಂಪಾದಕರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು, ಕ್ಷಮೆ ಕೇಳಿಸಲು ಅಂತ ಅಲ್ಲಿಗೆ ಹೋದೆ. "ಮೇಷ್ಟ್ರು ನನಗೆ ನಾಕನೇ ಕ್ಲಾಸಿನಾಗೆ ಬೆತ್ತದಾಗೆ ಹೊಡೆದಿದ್ರು ಮೇಡಂ, ಈಗ್ಲೂ ಹೊಡೀತಾರೆ" ಅಂತ ದಾರಿಯುದ್ದಕ್ಕೂ ಅವರು ನಡುಗುತ್ತಿದ್ದರು.

ಹೋಗಿ ನೋಡಿದರೆ ಮನೆ ಮುಂದೆ ಜನವೋ ಜನ. ಮೇಷ್ಟ್ರು ಶಾಲು ಹೊದ್ದು, ಪೇಟ ಸುತ್ತಿಕೊಂಡು, ಕಟ್ಟೆಯ ಮೇಲೆ ನಿಂತು ಭಾಷಣ ಮಾಡುತ್ತಿದ್ದಾರೆ! ಮೇಷ್ಟ್ರ ಹೆಂಡತಿ ಬಾಗಿಲಲ್ಲಿ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದಾರೆ. ಭಾಷಣ ಮುಗಿಯಿತು, ಚಪ್ಪಾಳೆ ಬಿತ್ತು, ಜನ ಬಾಳೆಹಣ್ಣು ತಿಂದು ಚದುರಿದರು.

ಸಂಪಾದಕರು ಹೋಗಿ ಕಾಲಿಗೆ ಬಿದ್ದರು. "ತಪ್ಪಾಯ್ತು ಸಾರ್. ಹಳೇ ಸುದ್ದಿ ಮತ್ತೆ ಬಂದ್ಬಿಡ್ತು. ಈಗ್ಲೇ ತೆಗೀತೀನಿ."

ಮೇಷ್ಟ್ರು ಅವರ ರೆಟ್ಟೆ ಹಿಡಿದು ಎತ್ತಿ, ಹಿಂದೆ ಮುಂದೆ ನೋಡಿ, ದನಿ ತಗ್ಗಿಸಿದರು.

"ತೆಗೀಬ್ಯಾಡೋ ಮಾರಾಯ. ಹೋದ ತಿಂಗಳ ಭಾಷಣದಾಗೆ ಬಿಇಓ ಸಾಹೇಬರಿಂದ ಹಿಡಿದು ಗಂಟೆ ಹೊಡೆಯೋನ ತನಕ ಎಲ್ಲರ ಹೆಸರೂ ಹೇಳಿ, ನಮ್ಮನೆಯವಳ ಹೆಸರು ಮರ್ತಿದ್ದೆ. ಅವತ್ತಿಂದ ನನ್ನ ಚಾಕ್ಕೆ ಸಕ್ಕರೆ ಬಿದ್ದಿಲ್ಲ. ಇವತ್ತು ಮೊದ್ಲು ಅವಳ ಹೆಸರೇ ಹೇಳ್ದೆ."

ಅಷ್ಟರಲ್ಲಿ ಅಮ್ಮಾವರು ಎಲ್ಲರಿಗೂ ಚಾ ತಂದರು. ಮೇಷ್ಟ್ರು ಒಂದು ಗುಟುಕು ಕುಡಿದರು. ಕಣ್ಣು ಮುಚ್ಚಿಕೊಂಡು ಅದನ್ನು ಬಾಯಲ್ಲೇ ಸ್ವಲ್ಪ ಹೊತ್ತು ಇಟ್ಟುಕೊಂಡರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು:

"ಬ್ಯಾಕಪ್ಪು ಅಂದ್ರೆ ಇದೇ ಏನವ್ವ? ಭಾಳ ಒಳ್ಳೇ ವಸ್ತು. ತಿಂಗಳಿಗೊಂದ್ಸಲ ಮಾಡ್ತಿರ್ರಿ."

ಕನ್ನಡಕ ಹಾಕಿದ ಟಗರು

ಇಬ್ಬರು ಷಡ್ಡಕರು. ಅಂದರೆ ಅಕ್ಕ ತಂಗಿಯರನ್ನು ಮದುವೆಯಾದವರು. ಒಬ್ಬರು ಹೊನ್ನಾಳಿಯಲ್ಲಿ ವಧೂವರರ ಕೇಂದ್ರ ನಡೆಸುತ್ತಾರೆ. ಇನ್ನೊಬ್ಬರು ಜಗಳೂರಿನಲ್ಲಿ ಕುರಿ ಸಾಕುವವರ ಸಂಘದ ಕಾರ್ಯದರ್ಶಿ. ಇಬ್ಬರಿಗೂ ಸೈಟು ಮಾಡಿಕೊಟ್ಟವಳು ನಾನೇ. ಕೇಂದ್ರದ ಸೈಟಿನಲ್ಲಿ ಗಂಡುಗಳ ಫೋಟೋ ಮತ್ತು ವಿವರ ಇರುತ್ತದೆ. ಹೆಣ್ಣುಮಕ್ಕಳ ಫೋಟೋ ಹಾಕೋ ಪದ್ಧತಿ ಇಲ್ಲ. ಸಂಘದ ಸೈಟಿನಲ್ಲಿ ಮಾರಾಟಕ್ಕಿರುವ ಟಗರುಗಳ ಫೋಟೋ ಮತ್ತು ವಿವರ. ಎರಡರಲ್ಲೂ ಫೋಟೋಗಳಿಗೆ ಒಂದು, ಎರಡು, ಮೂರು ಅಂತ ನಂಬರು.

ಈ ಫೋಟೋಗಳ ಬ್ಯಾಕಪ್ಪನ್ನು ಇಬ್ಬರಿಗೂ ಒಂದೊಂದು ಪೆನ್ ಡ್ರೈವಿಗೆ ಹಾಕಿಕೊಟ್ಟಿದ್ದೆ. ಅಂಗಡಿಯಲ್ಲಿ ಕೆಂಪು ಬಣ್ಣದ್ದು ಮಾತ್ರ ಇತ್ತು, ಇಬ್ಬರಿಗೂ ಕೆಂಪು ಬಂತು. ಇಬ್ಬರೂ ಅದನ್ನು ಜೇಬಿನಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದರು. ಮಾವನ ಮನೆಯ ನಾಮಕರಣದಲ್ಲಿ ಇಬ್ಬರೂ ಅಂಗಿ ಕಳಚಿ ಗೂಟಕ್ಕೆ ಹಾಕಿ, ಇಸ್ಪೀಟಿಗೆ ಕೂತಾಗ ಪೆನ್ ಡ್ರೈವುಗಳು ಕೆಳಗೆ ಬಿದ್ದಿವೆ. ಯಾರೋ ಎತ್ತಿ ಒಂದೊಂದು ಜೇಬಿಗೆ ಒಂದೊಂದು ಹಾಕಿದ್ದಾರೆ. ಇವನದು ಅವನಿಗೆ, ಅವನದು ಇವನಿಗೆ.

ಅದಾಗಿ ಸ್ವಲ್ಪ ದಿನಕ್ಕೆ ಎರಡೂ ಸೈಟುಗಳಿದ್ದ ಸರ್ವರ್ ಕೆಟ್ಟಿತು. ಬರಹವನ್ನೆಲ್ಲ ನಾನು ನನ್ನ ಆಫೀಸಿನಿಂದಲೇ ವಾಪಸ್ ಹಾಕಿದೆ. ಫೋಟೋಗಳನ್ನು ನಿಮ್ಮ ನಿಮ್ಮ ಪೆನ್ ಡ್ರೈವಿನಿಂದ ನೀವೇ ಏರಿಸಿ ಅಂತ ಇಬ್ಬರಿಗೂ ಫೋನಿನಲ್ಲಿ ಹೇಳಿಕೊಟ್ಟೆ. ಇಬ್ಬರೂ ಕಣ್ಣು ಮುಚ್ಚಿಕೊಂಡು ಏರಿಸಿದರು.

ಮೊದಲು ಬಂದದ್ದು ವಧೂವರರ ಕೇಂದ್ರದವರ ಫೋನು. "ಮೇಡಂ, ಬೇಗ ಬರ್ರಿ, ಇಲ್ಲಿ ಜನ ನನ್ನ ಹೊಡೆಯಾಕೆ ಬಂದಾರೆ!"

ಓಡಿದೆ. ಕೇಂದ್ರದ ಮುಂದೆ ಒಬ್ಬ ತಾಯಿ ಮೊಬೈಲು ಹಿಡಿದು ನಿಂತಿದ್ದರು. ಅದರಲ್ಲಿ 'ಇಂಜಿನಿಯರ್, ಸ್ವಂತ ಮನೆ, ಒಳ್ಳೆಯ ಮನೆತನ' ಅನ್ನುವ ಬರಹದ ಮೇಲೆ ಸುರುಳಿ ಕೊಂಬಿನ ಒಂದು ಭಾರೀ ಟಗರು ಕ್ಯಾಮೆರಾವನ್ನೇ ದುರುಗುಟ್ಟಿ ನೋಡುತ್ತಿತ್ತು.

"ನನ್ನ ಮಗನಿಗೆ ಕೊಂಬು ಬರ್ಸಿದೀರಲ್ರೀ!" ಅಂತ ಆಕೆ ಅತ್ತರು.

ಪಕ್ಕದಲ್ಲಿ ಇನ್ನೊಂದು ಕೆಲಸಕ್ಕೆ ಬಂದು ಕೂತಿದ್ದ ಹೆಣ್ಣಿನ ತಂದೆಯೊಬ್ಬರು ಇಣುಕಿ ನೋಡಿದರು. "ಗಂಡಿನ ಕಡೆಯೋರಿಗೆ ಕೊಂಬಿರ್ತೈತೆ ಅಂತ ಕೇಳಿದ್ದೆ. ಫೋಟೋದಾಗೆ ನೋಡಿದ್ದು ಇದೇ ಮೊದ್ಲು" ಅಂದರು. ಅವರನ್ನು ಹೊರಗೆ ಕಳಿಸುವುದು ಇನ್ನೊಂದು ಕೆಲಸವಾಯಿತು.

ಅಷ್ಟರಲ್ಲಿ ಜಗಳೂರಿನಿಂದ ಫೋನು. ಕುರಿ ಸಂಘದ ಕಾರ್ಯದರ್ಶಿಯವರ ದನಿಯಲ್ಲಿ ಸಿಟ್ಟಿಗಿಂತ ಗೊಂದಲ ಹೆಚ್ಚಿತ್ತು. "ಮೇಡಂ, ಬೆಳಗ್ಗೆಯಿಂದ ವ್ಯಾಪಾರಸ್ಥರು ಒಂದೇ ಸಮನೆ ಫೋನ್ ಮಾಡ್ತಾವ್ರೆ. ಕನ್ನಡಕ ಹಾಕ್ಕೊಂಡೈತಲ್ಲ, ಆ ಟಗರು ಹಾಯ್ತೈತಾ ಅಂತ ಕೇಳ್ತಾವ್ರೆ. ನಮ್ಮ ಯಾವ ಟಗರು ಕನ್ನಡಕ ಹಾಕ್ಕೊಂತೈತೆ?"

ಸಂಘದ ಸೈಟು ತೆಗೆದು ನೋಡಿದೆ. ಇಸ್ತ್ರಿ ಮಾಡಿದ ಶರಟು, ದಪ್ಪ ಕನ್ನಡಕ, ಎಣ್ಣೆ ಹಚ್ಚಿ ಬಾಚಿದ ತಲೆ. ನ್ಯಾಮತಿ ಕಡೆಯ ಒಬ್ಬ ವಿಜ್ಞಾನದ ಮೇಷ್ಟ್ರು, ನಗಲೋ ಬೇಡವೋ ಅನ್ನುವ ಮುಖ ಮಾಡಿಕೊಂಡು ನಿಂತಿದ್ದಾರೆ. ಕೆಳಗೆ ಬರಹ: 'ಎರಡು ಹಲ್ಲಿನ ಪ್ರಾಯದ್ದು. ಬಹಳ ಸಾಧು. ಹಾಯುವುದಿಲ್ಲ. ಯಾವ ಮೇವು ಹಾಕಿದರೂ ತಕರಾರಿಲ್ಲದೆ ತಿನ್ನುತ್ತದೆ. ರಾತ್ರಿ ಸದ್ದು ಮಾಡುವುದಿಲ್ಲ. ಮಕ್ಕಳೂ ಹಿಡಿದುಕೊಂಡು ಓಡಾಡಬಹುದು.'

ಎರಡೂ ಸೈಟಿನ ಫೋಟೋಗಳನ್ನು ತಕ್ಷಣ ತೆಗೆದುಹಾಕಿ, ಮೇಷ್ಟ್ರಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. ಆ ಮನುಷ್ಯ ಪಾಪ, ನಿಜಕ್ಕೂ ಸಾಧು. "ಪರವಾಗಿಲ್ಲ ಬಿಡ್ರಿ ಮೇಡಂ. ಆ ಇನ್ನೊಂದು ಸೈಟ್ನಾಗೆ ಎರಡು ವರ್ಷ ಇದ್ದೆ, ಒಬ್ರೂ ವಿಚಾರಿಸಿರಲಿಲ್ಲ. ಇಲ್ಲಿ ಒಂದೇ ದಿನಕ್ಕೆ ಇಷ್ಟು ಜನ ಕೇಳಿದಾರೆ ಅಂದ್ರೆ ಒಂಥರಾ ಖುಷಿನೇ" ಅಂದರು.

ಕೇಳಿದವರಲ್ಲಿ ಒಬ್ಬರು ಮಾತ್ರ ವ್ಯಾಪಾರಸ್ಥರಾಗಿರಲಿಲ್ಲ. ಸೊಕ್ಕೆ ಅನ್ನುವ ಊರಿನ ಪಶು ಆಸ್ಪತ್ರೆಯಲ್ಲಿ ಡಾಕ್ಟರಾಗಿರುವ ಹುಡುಗಿ. ಲಸಿಕೆ ವಿಚಾರಕ್ಕೆ ಅಂತ ಸಂಘದ ಸೈಟು ನೋಡಿದವಳು, ನಕ್ಕು ನಕ್ಕು ಸಾಕಾಗಿ ಕಾರ್ಯದರ್ಶಿಗೆ ಫೋನ್ ಮಾಡಿದ್ದಳು. "ನಾನು ದಿನಾ ಟಗರು ನೋಡ್ತೀನಿ ಸರ್. ಇದು ಟಗರಲ್ಲ. ಇವರ ವಿಳಾಸ ಕೊಡ್ರಿ."

ಕಾರ್ಯದರ್ಶಿಗಳು ಷಡ್ಡಕನಿಗೆ ಹೇಳಿದರು, ಷಡ್ಡಕ ಮೇಷ್ಟ್ರ ಮನೆಗೆ ಹೇಳಿದರು. ಹುಡುಗ ಹುಡುಗಿ ಮಾತಾಡಿದರು, ಒಪ್ಪಿದರು, ಮದುವೆಯೂ ಆಯಿತು. ನನಗೂ ಕರೆ ಬಂತು. ಊಟದ ಮನೆಯಲ್ಲಿ ನವದಂಪತಿಯ ಎದುರಿನ ಸಾಲಿನಲ್ಲೇ ನನ್ನ ಎಲೆ. ತಡೆಯಲಾರದೆ ಮದುಮಗಳನ್ನು ಕೇಳಿಯೇಬಿಟ್ಟೆ.

"ಡಾಕ್ಟ್ರೇ, ಹಂಗೆ ನೋಡಿದ ಮೇಲೂ ಹೆಂಗೆ ಒಪ್ಪಿದ್ರಿ?"

"ಮೇಡಂ, ನನಗೆ ಬಂದ ಬಯೋಡಾಟಾದಾಗೆಲ್ಲ ಬರೀ ಸಂಬಳ, ಸೈಟು, ಕಾರು. ಸ್ವಭಾವ ಹೆಂಗೆ ಅಂತ ಒಬ್ರೂ ಬರೆದಿರಲಿಲ್ಲ. ಅದನ್ನ ಬರೆಯೋರು ಕುರಿಯೋರು ಮಾತ್ರ" ಅಂದಳು.

ಮದುಮಗ ಇದ್ಯಾವುದೂ ತನಗೆ ಸಂಬಂಧಿಸಿದ್ದಲ್ಲ ಅನ್ನುವ ಹಾಗೆ ತಲೆ ತಗ್ಗಿಸಿಕೊಂಡು ಹೋಳಿಗೆ ತಿನ್ನುತ್ತಿದ್ದರು. ಬಡಿಸುವವನು ಬಂದು ಇನ್ನೊಂದು ಹೋಳಿಗೆ ಹಿಡಿದು ಬಗ್ಗಿದ. ಮದುಮಗನಿಗೆ ಹೊಟ್ಟೆ ತುಂಬಿತ್ತು. 'ಬ್ಯಾಡ' ಅನ್ನಲು ಅವಸರದಲ್ಲಿ ಕೈ ಅಡ್ಡ ಹಿಡಿದು, ಕತ್ತೆತ್ತಿದರು. ಆದರೆ ಬಾಯಿ ತುಂಬಾ ಹೋಳಿಗೆ. ಅರ್ಧ ಮಾತು ಮಾತ್ರ ಹೊರಗೆ ಬಂತು. ಇಡೀ ಪಂಕ್ತಿ ಕೈಯಲ್ಲಿದ್ದ ತುತ್ತು ಹಾಗೇ ಹಿಡಿದುಕೊಂಡು ಮದುಮಗನನ್ನೇ ನೋಡಿತು.

"ಬ್ಯಾ...!"